ಟಾರ್ ಬಳಸುತ್ತೀರಾ? ಗುರುತು ಸೋರುವ ಜಾಗಗಳನ್ನು ಮೊದಲು ಮುಚ್ಚಿ

ಬಾಗಲಕೋಟೆ, ವಿಜಯಪುರದವರಿಗೆ ಉಳ್ಳಾಗಡ್ಡಿ ಬಗ್ಗೆ ಹೇಳಿಕೊಡಬೇಕಿಲ್ಲ. ಇಂಟರ್ನೆಟ್‌ನಲ್ಲಿ ಗುರುತು ಮರೆಸಿ ಓಡಾಡಲು ಬಳಸುವ ಟಾರ್ ಜಾಲದ ಹೆಸರು ಬಂದಿದ್ದೂ ಅದರಿಂದಲೇ: ‘ದಿ ಆನಿಯನ್ ರೂಟಿಂಗ್’, ಅಂದರೆ ಉಳ್ಳಾಗಡ್ಡಿಯಂತೆ ಪದರ ಪದರವಾಗಿ ಸಾಗಿಸುವುದು. ನೀವು ಕಳಿಸುವ ಮಾಹಿತಿಗೆ ಅದು ಗೂಢಲಿಪಿಯ ಮೂರು ಪದರ ಸುತ್ತಿ, ಮೂರು ಕಂಪ್ಯೂಟರ್‌ಗಳ ಮೂಲಕ ದಾಟಿಸುತ್ತದೆ. ಒಂದೊಂದೂ ಒಂದು ಪದರ ಸುಲಿಯುತ್ತದೆ. ಮೊದಲನೆಯದಕ್ಕೆ ನೀವು ಎಲ್ಲಿಂದ ಬಂದಿರಿ ಅನ್ನುವುದಷ್ಟೇ ಗೊತ್ತು. ಕೊನೆಯದಕ್ಕೆ ಎಲ್ಲಿಗೆ ಹೊರಟಿರಿ ಅನ್ನುವುದಷ್ಟೇ ಗೊತ್ತು.

ಕಾರ್ಖಾನೆಯೊಂದು ಹಳ್ಳಕ್ಕೆ ಕೊಳಚೆ ಬಿಡುತ್ತಿದೆ, ಅಲ್ಲಿ ದುಡಿಯುವವರೊಬ್ಬರು ಹೆಸರು ಹೇಳದೆ ಪತ್ರಿಕೆಗೆ ಫೋಟೊ ಕಳಿಸಬೇಕು ಅಂದುಕೊಳ್ಳಿ. ಅವರು ಏನು ಮಾಡಬೇಕು?

ಮೊದಲು, ಈ ಜಾಲ ಬಳಸಲು ಬೇಕಾದ ಟಾರ್ ಬ್ರೌಸರನ್ನು, ಅದನ್ನು ರೂಪಿಸುವ ಸಂಸ್ಥೆಯಾದ ಟಾರ್ ಪ್ರಾಜೆಕ್ಟ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಬೇಡ.

ಕಾರ್ಖಾನೆಯ ವೈಫೈ ಅಂತೂ ಬೇಡವೇ ಬೇಡ. ನೀವು ಏನು ನೋಡಿದಿರಿ ಎಂದು ವೈಫೈ ನಡೆಸುವವರಿಗೆ ತಿಳಿಯದು. ಆದರೆ ಟಾರ್ ಬಳಸಿದಿರಿ ಎಂದು ತಿಳಿಯುತ್ತದೆ. 2013ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಯೊಬ್ಬ ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಕಳಿಸಿ ಸಿಕ್ಕಿಬಿದ್ದದ್ದು ಹೀಗೆಯೇ. ಆ ಹೊತ್ತಿಗೆ ಕ್ಯಾಂಪಸ್ ವೈಫೈಯಲ್ಲಿ ಟಾರ್ ಬಳಸಿದವರ ಪಟ್ಟಿಯಲ್ಲಿ ಅವನಿದ್ದ. ಅವನು ಮಾಡಿದ್ದು ತಪ್ಪು. ಆದರೆ ಒಳ್ಳೆಯ ಉದ್ದೇಶದವರೂ ಇದೇ ದಾರಿಯಲ್ಲಿ ಸಿಕ್ಕಿಬೀಳಬಹುದು, ಅಲ್ವಾ? ಬ್ರೌಸರಿನ ಸೆಟ್ಟಿಂಗ್‌ನಲ್ಲಿ ‘ಬ್ರಿಡ್ಜ್’ (ಬಹಿರಂಗ ಪಟ್ಟಿಯಲ್ಲಿ ಇಲ್ಲದ ಮೊದಲ ಕಂಪ್ಯೂಟರ್) ಆರಿಸಿಕೊಂಡರೆ ಟಾರ್ ಬಳಕೆ ಅಷ್ಟು ಸುಲಭವಾಗಿ ಎದ್ದು ಕಾಣುವುದಿಲ್ಲ.

ವಿಳಾಸ ಎಚ್‌ಟಿಟಿಪಿಎಸ್ ಎಂದೇ ಶುರುವಾಗಬೇಕು. ಹಾಗಿದ್ದರೆ ನಿಮಗೂ ಆ ತಾಣಕ್ಕೂ ನಡುವೆ ಮಾಹಿತಿ ಗೂಢಲಿಪಿಯಲ್ಲೇ ಸಾಗುತ್ತದೆ. ಇಲ್ಲದಿದ್ದರೆ ಕೊನೆಯ ಕಂಪ್ಯೂಟರ್ ನಡೆಸುವವರು ಎಲ್ಲವನ್ನೂ ಓದಬಹುದು. 2007ರಲ್ಲಿ ಸ್ವೀಡನ್ನಿನ ಸಂಶೋಧಕರೊಬ್ಬರು ತಾವೇ ಅಂಥ ಐದು ಕಂಪ್ಯೂಟರ್ ನಡೆಸಿ, ರಾಯಭಾರ ಕಚೇರಿಗಳ ಇಮೇಲ್ ಪಾಸ್‌ವರ್ಡ್‌ಗಳನ್ನು ಹಿಡಿದು ತೋರಿಸಿದರು. ಅದರಲ್ಲಿ ಭಾರತದವೂ ಇದ್ದವು.

ನಿಮ್ಮ ದಿನನಿತ್ಯದ ಇಮೇಲ್, ಫೇಸ್‌ಬುಕ್‌ಗೆ ಟಾರ್ ಬ್ರೌಸರಿನಲ್ಲಿ ಲಾಗಿನ್ ಆಗಬೇಡಿ. ನಾನು ಒಮ್ಮೆ ಅಭ್ಯಾಸಬಲದಿಂದ ಆಗಿಬಿಟ್ಟೆ. ಮೂರು ಪದರವನ್ನೂ ನಾನೇ ಸುಲಿದುಕೊಂಡಂತಾಯಿತು. ಬ್ರೌಸರಿಗೆ ಆ್ಯಡ್-ಆನ್ (ಹೆಚ್ಚುವರಿ ಸೌಲಭ್ಯದ ಚಿಕ್ಕ ತಂತ್ರಾಂಶ) ಸೇರಿಸಬೇಡಿ, ಟೊರೆಂಟ್ (ಬಳಕೆದಾರರ ನಡುವಿನ ನೇರ ಫೈಲ್ ಹಂಚಿಕೆ) ಬೇಡ. ಇಳಿಸಿದ ಪಿಡಿಎಫ್, ವರ್ಡ್ ಫೈಲನ್ನು ಇಂಟರ್ನೆಟ್ ಬಂದ್ ಮಾಡಿಯೇ ತೆರೆಯಿರಿ. ಬ್ರೌಸರಿನಾಚೆ ತೆರೆದ ಫೈಲು ನಿಮ್ಮ ನಿಜವಾದ ಇಂಟರ್ನೆಟ್ ವಿಳಾಸದಿಂದಲೇ ಹೊರಗೆ ಸಂಪರ್ಕಿಸಬಹುದು.

ಇನ್ನು ಆ ಫೋಟೊ. ಮೊಬೈಲಿನ ಫೋಟೊದೊಳಗೆ ತೆಗೆದ ಜಾಗ, ಸಮಯ, ಫೋನಿನ ಮಾದರಿ ಅಡಗಿರಬಹುದು. ಟಾರ್ ಅದನ್ನು ಅಳಿಸುವುದಿಲ್ಲ. ಕಳಿಸುವ ಮೊದಲು ಆ ವಿವರ ತೆಗೆದುಹಾಕಿ.

ಜೊತೆಗೆ ಕಳಿಸುವ ಬರಹವನ್ನೂ ಇನ್ನೊಮ್ಮೆ ಓದಿ. ‘ರಾತ್ರಿ ಟ್ಯಾಂಕರ್ ಬರಾಕತ್ತಾವ’ ಎಂದು ಬರೆದರೆ ಯಾವ ಸೀಮೆಯವರು ಎಂದು ಓದಿದವರಿಗೆ ತಿಳಿಯುತ್ತದೆ. ‘ನಾನು ಎರಡನೇ ಪಾಳಿ ಮುಗಿಸಿ ಬರುವಾಗ ನೋಡಿದೆ’ ಎಂದರೆ ಹುಡುಕಬೇಕಾದವರ ಸಂಖ್ಯೆ ಹತ್ತೋ ಹನ್ನೆರಡೋ ಮಂದಿಗೆ ಇಳಿಯುತ್ತದೆ. ಅಂಥ ಸಾಲನ್ನು ತೆಗೆದುಬಿಡಿ, ಆಮೇಲೆ ಕಳಿಸಿ.