ತಂಬೂರಿ ಕಳ್ಕೊಳ್ದೆ ಕಚೇರಿ ಕ್ಯಾಸೆಟ್ ಡಿಜಿಟಲ್ ಮಾಡೋದು ಹೇಗೆ

ಬೆಂಗಳೂರಲ್ಲಿ ಸಂಗೀತ ಕೇಳೋ ಎಷ್ಟೋ ಮನೆಗಳ ಅಟ್ಟದ ಮೇಲೆ ಒಂದು ಡಬ್ಬ ಕ್ಯಾಸೆಟ್ ಇನ್ನೂ ಇರುತ್ತೆ, ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ಮಾವನೋ ದೊಡ್ಡಪ್ಪನೋ ಟೇಪ್ ರೆಕಾರ್ಡರ್ ತಗೊಂಡ್ಹೋಗಿ ತುಂಬಿಸ್ಕೊಂಡು ಬಂದಿದ್ದು. ಅದು ಯಾವ ಆ್ಯಪಲ್ಲೂ ಸಿಗಲ್ಲ, ದಯವಿಟ್ಟು ಹಾಳಾಗೋಕ್ ಮುಂಚೆ ಇಳಿಸ್ಕೊಳ್ಳಿ.

ಮೊದ್ಲು ಕ್ಯಾಸೆಟ್ ಬೆನ್ನಲ್ಲಿರೋ ಎರಡು ಪುಟ್ಟ ಪ್ಲಾಸ್ಟಿಕ್ ಟ್ಯಾಬ್ ಮುರಿದುಬಿಡಿ, ಆಮೇಲೆ ತಪ್ಪಿ ರೆಕಾರ್ಡ್ ಒತ್ತಿದ್ರೂ ಅಳಿಸಿಹೋಗಲ್ಲ. ಒಂದ್ಸಲ ಪೂರ್ತಿ ಫಾರ್ವರ್ಡ್, ಒಂದ್ಸಲ ರಿವೈಂಡ್. ಕ್ಯಾಸೆಟ್ ಡೆಕ್ಕಿನ (ಪ್ಲೇಯರಿನ) ಹೆಡ್ಡನ್ನ, ಅಂದ್ರೆ ಟೇಪ್ ತಾಗ್ಕೊಂಡು ಹೋಗೋ ಲೋಹದ ಭಾಗನ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿದ ಬಡ್ಸಿಂದ ಒರೆಸಿ, ಕಂದು ಬಣ್ಣ ಬರೋದು ನಿಲ್ಲೋವರೆಗೂ.

ಡೆಕ್ಕಿನ ಲೈನ್ ಔಟಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್‌ಗೆ ವೈರ್ ಹಾಕಿ (ಎಸ್.ಪಿ. ರೋಡಲ್ಲಿ ವಿಚಾರಿಸಿ), ಲ್ಯಾಪ್‌ಟಾಪ್ ಮೈಕ್ ತೂತಿಗೆ ಮಾತ್ರ ಬೇಡ. ಆಡಾಸಿಟಿ ಫ್ರೀ ಸಾಫ್ಟ್‌ವೇರ್, ಅದೇ ಸಾಕು. ಸಿಡಿ ಲೆಕ್ಕದಲ್ಲಿ 44.1 ಕಿಲೋಹರ್ಟ್ಸ್, 16 ಬಿಟ್ ಇಟ್ರೆ ಗಂಟೆಗೆ ಸುಮಾರು 635 ಎಂಬಿ ಆಗುತ್ತೆ. ರೆಕಾರ್ಡಿಂಗ್ ಲೆವೆಲ್ ಸೆಟ್ ಮಾಡೋಕೆ ತನಿ ಆವರ್ತನದ (ತಾಳವಾದ್ಯದವರು ಮಾತ್ರ ಜೋರಾಗಿ ನುಡಿಸೋ) ಜಾಗ ಹುಡುಕಿ ಹಾಕಿ, ಯಾಕಂದ್ರೆ ಟೇಪಲ್ಲಿ ಶಬ್ದ ಜಾಸ್ತಿಯಾದ್ರೆ ನಿಧಾನಕ್ಕೆ ಒರಟಾಗುತ್ತೆ ಅಷ್ಟೇ, ಡಿಜಿಟಲಲ್ಲಿ 0 ಡಿಬಿ ದಾಟಿದ್ರೆ ಮೃದಂಗದ ಪೆಟ್ಟಿನ ತುದಿನೇ ಕತ್ತರಿಸಿಹೋಗುತ್ತೆ, ಆಮೇಲೆ ವಾಪಸ್ ಬರಲ್ಲ. ಮೈನಸ್ 6 ಡಿಬಿ ಒಳಗೇ ಇರ್ಲಿ.

ಈಗ ಮುಖ್ಯ ವಿಷ್ಯ, ನಾಯ್ಸ್ ರಿಡಕ್ಷನ್, ಅಂದ್ರೆ ಬರೀ ಸದ್ದಿರೋ ಒಂದು ತುಣುಕನ್ನ ಸ್ಯಾಂಪಲ್ ಕೊಟ್ಟು ಅಂಥ ಸದ್ದನ್ನ ಸಾಫ್ಟ್‌ವೇರಲ್ಲಿ ತಗ್ಗಿಸೋದು. ಟೇಪಿನ ಸುಯ್ ಅನ್ನೋ ಸದ್ದು ಒಂದೇ ಸಮ ಇರುತ್ತೆ, ತಂಬೂರಿನೂ ಒಂದೇ ಸಮ ಇರುತ್ತೆ, ಸಾಫ್ಟ್‌ವೇರ್‌ಗೆ ಎರಡರ ವ್ಯತ್ಯಾಸ ಗೊತ್ತಾಗಲ್ಲ. ಗಾಯಕ್ರು ಉಸಿರು ತಗೊಳ್ಳೋ ಜಾಗನ ಸ್ಯಾಂಪಲ್ ಅಂತ ಕೊಟ್ರೆ ಸುಯ್ ಜೊತೆ ಶ್ರುತಿನೂ ತಿಂದುಹಾಕುತ್ತೆ, ಉಳಿದಿದ್ದು ನೀರೊಳಗಿಂದ ಹಾಡಿದ ಹಾಗೆ ಕೇಳ್ಸುತ್ತೆ. ತಂಬೂರಿ ಶುರುವಾಗೋ ಮುಂಚಿನ ಒಂದೆರಡು ಸೆಕೆಂಡ್ ಸಿಕ್ರೆ ಮಾತ್ರ ಸ್ಯಾಂಪಲ್ ಮಾಡಿ, ಅದೂ 6 ಡಿಬಿಗಿಂತ ಜಾಸ್ತಿ ತಗ್ಗಿಸೋದು ಬೇಡ. ನನ್ ಕೇಳಿದ್ರೆ ಸುಯ್ ಇರ್ಲಿ ಬಿಡಿ, ಹತ್ತು ನಿಮಿಷಕ್ಕೆ ಕಿವಿ ಅದನ್ನ ಮರೆತುಬಿಡುತ್ತೆ.

ಹಾಡು ಹಾಡಾಗಿ ಕತ್ತರಿಸ್ಬೇಡಿ. ಸಿ-90 ಕ್ಯಾಸೆಟ್ ಅಂದ್ರೆ ಒಂದು ಬದಿ 45 ನಿಮಿಷ, ಆಲಾಪನೆ ಕೇಳದೆ ಕೃತಿಗೆ ಹಾರೋಕೆ ಟೇಪ್ ಸುಲಭಕ್ಕೆ ಬಿಡ್ತಿರ್ಲಿಲ್ಲ, ಫೈಲಲ್ಲಾದ್ರೆ ಬೆರಳು ತಾನಾಗೇ ಮುಂದಕ್ಕೆ ಓಡುತ್ತೆ, ಷಫಲ್ ಬೇರೆ. ಒಂದು ಬದಿ ಒಂದು ಫೈಲ್, ಕೃತಿ ಶುರುವಾಗೋ ಕಡೆ ಬರೀ ಲೇಬಲ್ ಹಾಕಿ. ಫ್ಲಾಕಲ್ಲಿ (ಗುಣಮಟ್ಟ ಕಳ್ಕೊಳ್ದೆ ಚಿಕ್ಕದಾಗೋ ಆಡಿಯೋ ಫೈಲ್) ಸೇವ್ ಮಾಡಿ, ಎರಡು ಕಡೆ ಕಾಪಿ ಇಡಿ. ಕವರ್ ಮೇಲಿನ ಬರಹದ ಫೋಟೋನೂ ಅದೇ ಫೋಲ್ಡರ್‌ಗೆ ಹಾಕಿ, ಪಿಟೀಲು ಮೃದಂಗ ಯಾರ್ದು ಅಂತ ಬರೆದಿಲ್ದಿದ್ರೆ ರೆಕಾರ್ಡ್ ಮಾಡಿದ ಮಾವಂಗೆ ಇವತ್ತೇ ಫೋನ್ ಮಾಡಿ ಕೇಳಿ.