7.4 ಕೆ.ಜಿ.ಯಿಂದ 6ಕ್ಕೆ: ಬ್ರಿಟಿಷ್ ಶಾರ್ಟ್‌ಹೇರ್ ಬೆಕ್ಕಿನ ತೂಕ ಇಳಿಸಿದ ನನ್ನ ಅನುಭವ

"ಈ ತಳಿ ಗುಂಡಗೇ ಇರೋದು, ಇಳಿಯಲ್ಲ ಬಿಡಿ" ಅಂದವರೇ ಹೆಚ್ಚು. ಗುಂಡಗಿರಬೇಕಾದ್ದು ಮುಖ, ಹೊಟ್ಟೆಯಲ್ಲ. ಒತ್ತು ತುಪ್ಪಳದಲ್ಲಿ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು. ನನ್ನದು ಸಂತಾನಹರಣ ಆಪರೇಷನ್ ಆದ ಗಂಡು, ನಾಲ್ಕು ವರ್ಷ. ಇಳಿಯಲು ಏಳು ತಿಂಗಳು ಹಿಡಿಯಿತು.

ಮೊದಲು 'ಲೈಟ್' (ಕಡಿಮೆ ಕ್ಯಾಲೊರಿಯ) ಡ್ರೈ ಫುಡ್‌ಗೆ ದುಡ್ಡು ಸುರಿದದ್ದಾಯಿತು. ಎರಡು ತಿಂಗಳಾದರೂ ತೂಕ ಅಲ್ಲೇ. ಅಳತೆಯ ಕಪ್ಪನ್ನು ಅಡುಗೆಮನೆಯ ತಕ್ಕಡಿಗೆ ಇಟ್ಟಾಗ ಗುಟ್ಟು ರಟ್ಟಾಯಿತು: ಅದೇ ಗೆರೆಗೆ ತುಂಬಿದರೂ ಒಮ್ಮೆ 60 ಗ್ರಾಂ, ಇನ್ನೊಮ್ಮೆ 75. ಆ ಹದಿನೈದು ಗ್ರಾಂ ಅಂದರೆ 55 ಕ್ಯಾಲೊರಿ ಚಿಲ್ಲರೆ, ದಿನದ ಪಾಲಿನ ಕಾಲುಭಾಗ! ಆಮೇಲೆ ಸಿಟ್ಟಿಗೆ ಅರ್ಧಕ್ಕರ್ಧ ಕಡಿತ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ದಪ್ಪ ಬೆಕ್ಕು ಎರಡು ಮೂರು ದಿನ ಸರಿಯಾಗಿ ತಿನ್ನದಿದ್ದರೆ ಮೈಕೊಬ್ಬು ಲಿವರ್‌ನಲ್ಲಿ ತುಂಬಿಕೊಂಡು ಜೀವಕ್ಕೇ ಕುತ್ತು. "ಹಸಿದರೆ ತಾನೇ ತಿನ್ನುತ್ತೆ" ಅನ್ನುವ ಮಾತು ಬೆಕ್ಕಿನ ಹತ್ತಿರ ಬೇಡ.

ಕೊನೆಗೆ ಹಿಡಿದ ಲೆಕ್ಕ ಇದು. ಈಗಿನ ತೂಕ ಬಿಟ್ಟು, ಮುಟ್ಟಬೇಕಾದ ತೂಕ ಹಿಡಿಯಬೇಕು. 6 ಕೆ.ಜಿ.ಗೆ ಸುಮ್ಮನೆ ಮಲಗಿದ್ದರೂ ಬೇಕಾಗುವುದು ಸುಮಾರು 270 ಕ್ಯಾಲೊರಿ. ಅದರಲ್ಲಿ 80 ಪರ್ಸೆಂಟ್, ಅಂದರೆ 215. ಒಂದು ಪೌಚ್ ವೆಟ್ ಫುಡ್‌ನಲ್ಲಿ 75 ಹೋಯಿತು, ಉಳಿದದ್ದಕ್ಕೆ 37 ಗ್ರಾಂ ಡ್ರೈ. ಬೆಳಿಗ್ಗೆಯೇ ತೂಗಿ ಡಬ್ಬಿಗೆ ಹಾಕಿಟ್ಟು ಅದನ್ನೇ ನಾಲ್ಕು ಸಲ ಕೊಡುವುದು, ಟ್ರೀಟ್ ಕೂಡ ಅದರಿಂದಲೇ. ಡಬ್ಬಿ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು, ಮನೆಯವರಲ್ಲಿ ಯಾರ ಮನಸ್ಸು ಕರಗಿದರೂ ಅಷ್ಟೆ. ವೆಟ್ ಫುಡ್ ಮೂಸಿಯೂ ನೋಡದ ಬೆಕ್ಕಿಗೆ ರೂಢಿ ಹಿಡಿಸಲು ಒಂದು ಉಪಾಯ ಇದೆ. ಇನ್ನೊಂದು ಬೆಕ್ಕಿನ ಮೇಲೂ ನಡೆದರೆ ಹೇಳುತ್ತೇನೆ.

ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು ನಮ್ಮ ತೂಕ ಕಳೆಯುವ ಲೆಕ್ಕದಲ್ಲಿ ನೂರು ಗ್ರಾಂ ಅತ್ತಿತ್ತ ಆಗಿಬಿಡುತ್ತದೆ. ವಾರಕ್ಕೆ ಇಳಿಯಬೇಕಾದ್ದೇ 50–70 ಗ್ರಾಂ. ಹಾಗಾಗಿ ಮಗು ತೂಗುವ ತಕ್ಕಡಿ, ವಾರದ ಅದೇ ದಿನ, ಊಟಕ್ಕೆ ಮುಂಚೆ. ವಾರಕ್ಕೆ ನೂರೈವತ್ತು ದಾಟಿ ಇಳಿದರೆ ಕೂಡಲೇ ಪಾಲು ಹೆಚ್ಚಿಸಬೇಕು. ಮೂರನೇ ತಿಂಗಳಲ್ಲಿ ತೂಕ ಮೂರು ವಾರ ಅಲ್ಲಾಡಲಿಲ್ಲ. ಡ್ರೈ ಐದು ಗ್ರಾಂ ಇಳಿಸಿದ ಮೇಲೆ ಮತ್ತೆ ಹೊರಟಿತು.

ಬೇಕಿಲ್ಲದೆ ಮಾಡಿದ ಪ್ರಯೋಗವೊಂದು: ಬ್ಲೇಡ್ ಇರುವ ಕೂದಲು ತೆಗೆಯುವ ಬ್ರಷ್. ರಾಶಿ ಕೂದಲು ಬಂತು, ಖುಷಿಯೂ ಆಯಿತು. ಆಮೇಲೆ ನೋಡಿದರೆ ಮೇಲಿನ ಗಟ್ಟಿ ಕೂದಲೇ ತುಂಡಾಗಿ ಪಕ್ಕೆ ತೆಳ್ಳಗಾಗಿತ್ತು. ಈಗ ವಾರಕ್ಕೊಮ್ಮೆ ರಬ್ಬರ್ ಬ್ರಷ್, ಕೂದಲು ಉದುರುವ ಕಾಲದಲ್ಲಿ ಸ್ಟೀಲ್ ಬಾಚಣಿಗೆ. ಬಾಲದ ಬುಡದ ಹೊಟ್ಟಿಗೆ (ಡ್ಯಾಂಡ್ರಫ್) ಎಣ್ಣೆ, ಶಾಂಪೂ ಅಂತ ಖರ್ಚು ಮಾಡಿದ್ದೆಲ್ಲ ದಂಡ. ಹೊಟ್ಟೆ ಅಡ್ಡ ಬಂದು ನಾಲಿಗೆ ಅಲ್ಲಿಗೆ ಎಟುಕುತ್ತಿರಲಿಲ್ಲ, ಅಷ್ಟೆ. ತೂಕ ಆರೂವರೆ ಕೆ.ಜಿ.ಗೆ ಇಳಿದಾಗ ತಾನೇ ನೆಕ್ಕಿ ಚೊಕ್ಕ ಮಾಡಿಕೊಂಡಿತು.

ಮರಿ ಹುಡುಕುತ್ತಿರುವವರು ಬಣ್ಣಕ್ಕೆ ಹೆಚ್ಚು ಹಣ ಕೊಡುವ ಬದಲು ತಂದೆತಾಯಿಯ ಹಾರ್ಟ್ ಸ್ಕ್ಯಾನ್ ವರದಿ ಕೇಳಿ; ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಎಳೆಯ ಮರಿಯಲ್ಲಿ ಕಾಣದೇ ಇರಬಹುದು. ಮೂತ್ರಪಿಂಡದ ಗುಳ್ಳೆ ಕಾಯಿಲೆಗೆ ಜೀನ್ ಪರೀಕ್ಷೆಯೇ ಇದೆ, ತಂದೆತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು ಮರಿಗೆ ಹಿಡಿಯಲು. ಈ ತಳಿಯಲ್ಲಿ ಬಿ ಗುಂಪಿನ ರಕ್ತ ಅಪರೂಪವಲ್ಲ, ಮರಿಯ ಗುಂಪು ಯಾವುದೆಂದೂ ಬರೆದಿಟ್ಟುಕೊಂಡಿರಿ. ಹನ್ನೆರಡು ವಾರ ತುಂಬದ ಮರಿ ಬೇಡವೇ ಬೇಡ.

6ಕ್ಕೆ ಬಂದ ಮೇಲೆ ಎರಡು ವಾರಕ್ಕೊಮ್ಮೆ ದಿನದ ಪಾಲು ಸ್ವಲ್ಪ ಸ್ವಲ್ಪ ಏರಿಸಿ, ಈಗ 255 ಕ್ಯಾಲೊರಿಗೆ ನಿಂತಿದೆ. ತೂಗುವ ಡಬ್ಬಿ ಮಾತ್ರ ಹಾಗೇ ಇದೆ.