ಕೆಂಪು ಹಿಮವನ್ನು ನಾನು ಹೇಗೆ ನೋಡುತ್ತೇನೆ

ಬೇಸಿಗೆಯಲ್ಲಿ ಎತ್ತರದ ಬೆಟ್ಟಗಳ ಹಿಮ ಅಲ್ಲಲ್ಲಿ ಕೆಂಪಾಗುತ್ತದೆ. ಅದು ಪಾಚಿಯ ಕೆಲಸ. ಬಣ್ಣ ತೆಳುವಾಗಿದ್ದರೆ ಬರಿಗಣ್ಣಿಗೆ ಬೇಗ ಸಿಗುವುದಿಲ್ಲ. ಹಾಗಾಗಿ ನಾನು ಬೂಟಿನಿಂದ ಒತ್ತಿ ನೋಡುತ್ತೇನೆ. ಬಿಳಿ ಅಂದುಕೊಂಡಿದ್ದ ಕಡೆ ಗುಲಾಬಿ ಹೆಜ್ಜೆ ಮೂಡುತ್ತದೆ. ಆದರೂ ಅಷ್ಟಕ್ಕೇ ಪಾಚಿ ಅಂತ ಬರೆದುಕೊಳ್ಳುವುದಿಲ್ಲ. ಗಾಳಿ ತಂದ ಕೆಂಪು ಧೂಳನ್ನು ಒತ್ತಿದರೂ ಹೀಗೇ ಕಾಣುತ್ತದೆ, ಅಲ್ವಾ?

ತುಳಿಯದ ಜಾಗದಿಂದ ಮೇಲಿನ ಎರಡು ಮೂರು ಸೆಂಟಿಮೀಟರ್ ಹಿಮವನ್ನಷ್ಟೇ ಕೆರೆದು, ಶುದ್ಧ ಚೀಲಕ್ಕೆ ತುಂಬುತ್ತೇನೆ. ಪಕ್ಕದ ಬಿಳಿ ಹಿಮವೂ ಒಂದು ಚೀಲ ಬೇಕು, ಹೋಲಿಸಿ ನೋಡಲು.

ನಿಜವಾದ ಕೆಲಸ ಕರಗಿಸುವುದರಲ್ಲಿದೆ. ಬೇಗ ಆಗಲಿ ಅಂತ ಬಿಸಿಗೆ ಇಡಬಾರದು. ಈ ಜೀವಿಗಳು ಚಳಿಗೇ ಒಗ್ಗಿದವು. 10 ಡಿಗ್ರಿ ಸೆಲ್ಸಿಯಸ್ ಒಳಗೆ ಚೆನ್ನಾಗಿ ಬೆಳೆಯುತ್ತವೆ. ನಾನು 4 ಡಿಗ್ರಿಯಲ್ಲಿ, ಕತ್ತಲಲ್ಲಿ, ನಿಧಾನವಾಗಿ ಕರಗಲು ಬಿಡುತ್ತೇನೆ. ಆಮೇಲೆ ಅಲುಗಾಡಿಸದೆ ಇಟ್ಟರೆ ಕೋಶಗಳು ತಳಕ್ಕೆ ಇಳಿಯುತ್ತವೆ. ಅಲ್ಲಿಂದ ಒಂದು ಹನಿ ಸ್ಲೈಡಿಗೆ.

ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ಹಿಗ್ಗಿಸಿದರೆ ಅನುಮಾನ ಉಳಿಯುವುದಿಲ್ಲ. ಧೂಳಿನ ಕಣಕ್ಕೆ ಮೂಲೆಗಳಿರುತ್ತವೆ. ಪೈನ್ ಪರಾಗಕ್ಕೆ ಎರಡು ಗಾಳಿಚೀಲ. ಪಾಚಿ ಮಾತ್ರ ದಪ್ಪ ಗೋಡೆಯ ದುಂಡು ಗುಂಡು, ಒಳಗೆಲ್ಲ ಕೆಂಪು. ಹನಿಯ ಮೇಲೆ ಮುಚ್ಚಿದ ತೆಳು ಗಾಜನ್ನು, ಅಂದರೆ ಕವರ್‌ಸ್ಲಿಪ್ಪನ್ನು, ಸೂಜಿಯ ತುದಿಯಿಂದ ಮೆಲ್ಲಗೆ ಒತ್ತಿ. ಗೋಡೆ ಬಿರಿದು ಕೆಂಪು ಎಣ್ಣೆಹನಿಗಳು ಹೊರಗೆ ಬರುತ್ತವೆ, ಅಡಗಿದ್ದ ಹಸಿರು ಆಗ ಕಾಣುತ್ತದೆ. ಆ ಕೆಂಪು ಅಸ್ಟಾಕ್ಸಾಂಥಿನ್ ಎಂಬ ಬಣ್ಣದ ವಸ್ತು. ಉರಿಬಿಸಿಲಿಗೆ ಹಸಿರು ಹಾಳಾಗದಂತೆ ಅದು ತಡೆಯುತ್ತದೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ಹೆಸರು ಬರೆಯುವಾಗ ಮಾತ್ರ ಅವಸರ ಬೇಡ. ಹಿಂದೆ ಇಂಥದ್ದನ್ನೆಲ್ಲ ಸುಮ್ನೆ ಕ್ಲಾಮಿಡೊಮೊನಾಸ್ ನಿವಾಲಿಸ್ ಅನ್ನುತ್ತಿದ್ದರು. 2019ರಲ್ಲಿ ಸ್ಯಾಂಗ್ವಿನಾ ಎಂಬ ಹೊಸ ಕುಲ ಬಂತು. ಕ್ಲೋರೊಮೊನಾಸ್ ಕುಲದವೂ ಹಿಮದಲ್ಲಿ ಜಾಸ್ತಿ. ದುಂಡು ಕೋಶ ನೋಡಿ ಜಾತಿ ಹೇಳುವುದು ಕಷ್ಟ, ಡಿಎನ್‌ಎ ಪರೀಕ್ಷೆಯೇ ಆಗಬೇಕು. ಹಾಗಾಗಿ ನನ್ನ ಪುಸ್ತಕದಲ್ಲಿ 'ಕೆಂಪು ದುಂಡು ಕೋಶ' ಅಂತಷ್ಟೇ ಇರುತ್ತದೆ.

ಪಾಚಿ ಒಂದೇ ಇರುವುದಿಲ್ಲ. ಕೆಲವು ಕೋಶಗಳ ಮೈಗೆ ಕೈಟ್ರಿಡ್ ಎಂಬ ಶಿಲೀಂಧ್ರದ ಪುಟ್ಟ ಗುಳ್ಳೆಗಳು ಅಂಟಿರುತ್ತವೆ, ಅವು ಪಾಚಿಯನ್ನೇ ತಿಂದು ಬದುಕುತ್ತವೆ. ಅದೃಷ್ಟವಿದ್ದರೆ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಯೊಂದು ಈಜಿಕೊಂಡು ಬರುತ್ತದೆ, ಹೊಟ್ಟೆಯೂ ಕೆಂಪು. ಬ್ಯಾಕ್ಟೀರಿಯಾ ಎಣಿಸಬೇಕಾದರೆ ಡಿಎನ್‌ಎಗೆ ಹತ್ತುವ ಬಣ್ಣ ಹಾಕಿ ಆ ಬಣ್ಣ ಹೊಳೆಯುವಂತೆ ಮಾಡುವ ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಬಿಳಿ ಹಿಮದ ಚೀಲದಲ್ಲೂ ಅವು ಸಿಗುತ್ತವೆ.